ಜಪಾನಿಗೆ ಮೊದಲ್ನೇ ಸಲ ಹೋಗೋರು ಅಲ್ಲಿನ ಜನರ ಜೊತೆ ಹೇಗಿರ್ಬೇಕು

ನಮ್ ತೀರ್ಥಹಳ್ಳಿ ಸಾಗರ ಕಡೆಯಿಂದ ಓದಕ್ಕೋ ಸುತ್ತಕ್ಕೋ ಜಪಾನಿಗೆ ಹೊರಟಿರೋರು ಸ್ವಲ್ಪ ತಿಳ್ಕೊಂಡು ಹೋಗಿ, ಅಲ್ಲಿ ಜನ ತುಂಬಾ ಒಳ್ಳೇವ್ರು, ಆದ್ರೆ ನೀವು ತಪ್ಪು ಮಾಡಿದ್ರೂ ಬಾಯಿಬಿಟ್ಟು ಹೇಳೋದು ಕಮ್ಮಿ.

ಮೊದ್ಲು ಚಪ್ಪಲಿ ವಿಷ್ಯ. ಬಾಗ್ಲು ದಾಟಿದ ತಕ್ಷಣ ಗೆಂಕಾನ್ ಅಂತ ತಗ್ಗಿನ ಜಾಗ ಇರುತ್ತೆ, ನಮ್ ಜಗಲಿ ಮೆಟ್ಲು ಹತ್ರ ಚಪ್ಪಲಿ ಬಿಡಲ್ವಾ ಹಂಗೇ, ಶೂ ಅಲ್ಲೇ ಬಿಚ್ಚಿ ಮೇಲೆ ಹತ್ಬೇಕು. ಕ್ಯೋಟೋದಲ್ಲಿ ನಾನು ಉಳ್ಕೊಂಡಿದ್ದ ಮನೆ ಅಜ್ಜಿ ದಿನಾ ನನ್ ಶೂ ಎರಡನ್ನೂ ಬಾಗ್ಲು ಕಡೆ ಮುಖ ಮಾಡಿ ಜೋಡ್ಸಿಡೋರು, ಹೊರಡುವಾಗ ಸುಮ್ನೆ ಕಾಲು ತೂರ್ಸಿದ್ರಾಯ್ತು, ಮೂರನೇ ದಿನದಿಂದ ನಾನೇ ಹಂಗೆ ಇಡಕ್ಕೆ ಶುರು ಮಾಡ್ದೆ, ಅಜ್ಜಿ ನೋಡಿ ಬಾಯ್ತುಂಬ ನಕ್ರು, ಆ ನಗು ಇವತ್ತಿಗೂ ಕಣ್ಮುಂದೆ ಇದೆ. ತಾತಾಮಿ ಚಾಪೆ ಮೇಲೆ ಸ್ಲಿಪ್ಪರೂ ಬೇಡ. ಟಾಯ್ಲೆಟ್ಟಿಗೆ ಬೇರೆ ಸ್ಲಿಪ್ಪರ್ ಇಟ್ಟಿದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ.

ಊಟಕ್ಕೆ ಮುಂಚೆ ಕೈ ಮುಗ್ದು "ಇತಾದಾಕಿಮಾಸು" ಅನ್ನಿ, ಅಂದ್ರೆ ವಿನಯದಿಂದ ಈ ಊಟ ತಗೋತೀನಿ ಅಂತ. ಚಾಪ್‌ಸ್ಟಿಕ್ ಅನ್ನದೊಳಗೆ ನೆಟ್ಟಗೆ ಚುಚ್ಚಿಡ್ಬೇಡಿ, ಅಲ್ಲಿ ತೀರ್ಕೊಂಡೋರಿಗೆ ಅನ್ನ ಇಡೋದು ಹಂಗೆ, ನಮ್ಮಲ್ಲಿ ಪಿಂಡ ನೋಡಿದ್ರೆ ಮನಸ್ಸಿಗೆ ಹೆಂಗಾಗುತ್ತೋ ಅವ್ರಿಗೂ ಹಂಗೇ ಆಗುತ್ತೆ. ವೆಜ್ ಆದ್ರೆ ಮಿಸೋ ಸೂಪ್ ಕುಡಿಯೋ ಮುಂಚೆ ಕೇಳಿ, ಅದಕ್ಕೆ ಹಾಕೋ ದಾಶಿ ಅನ್ನೋ ಕಟ್ಟನ್ನ ಸಾಮಾನ್ಯವಾಗಿ ಒಣಮೀನಿಂದ ಮಾಡ್ತಾರೆ. ನೂಡಲ್ಸ್ ಸೊರ್ ಅಂತ ಎಳ್ಕೊಂಡು ತಿಂದ್ರೆ ಯಾರೂ ಏನೂ ಅಂದ್ಕೊಳಲ್ಲ.

ಟಿಪ್ಸ್ ಕೊಡ್ಬೇಡಿ. ಟ್ರೈನಲ್ಲಿ ಫೋನ್ ಬಂದ್ರೆ ಎತ್ತಿ ಮಾತಾಡ್ಬೇಡಿ. ರಸ್ತೇಲಿ ಕಸದ ಡಬ್ಬ ಸಿಗೋದೇ ಅಪರೂಪ, ಬ್ಯಾಗಲ್ಲಿ ಒಂದು ಕವರ್ ಇಟ್ಕೊಳ್ಳಿ.

ಯಾರಾದ್ರೂ ಮನೆಗೆ ಕರೆದ್ರೆ ಬರಿಗೈಲಿ ಹೋಗೋದು ಚೆನ್ನಾಗಿರಲ್ಲ, ಊರಿಂದಾನೇ ಒಂದು ಬಾಕ್ಸ್ ಗೋಡಂಬಿ ಬರ್ಫಿ ಒಯ್ದಿರಿ, ಎರಡೂ ಕೈಯಲ್ಲಿ ಹಿಡ್ದು ಸ್ವಲ್ಪ ಬಗ್ಗಿ ಕೊಡಿ.