ಮಾವಿನಹಣ್ಣಿನ ಚೀಸ್‌ಕೇಕ್: ಮೊದಲು ಹಣ್ಣಿನ ನೀರು ಇಳಿಸಿ

ಮಾವಿನ ಚೀಸ್‌ಕೇಕ್ ಕೆಡುವುದು ಬಹುಪಾಲು ನೀರಿನಿಂದ. ಹಣ್ಣಿನ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಅದನ್ನು ಹಾಗೇ ಚೀಸ್‌ಗೆ ಕಲಸಿದರೆ ನಡುಭಾಗ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗಲಿ ಅಂತ ಇನ್ನೂ ಸ್ವಲ್ಪ ಹೊತ್ತು ಒಳಗಿಟ್ಟರೆ ಅಂಚು ಒಣಗಿ ಮೇಲೆ ಬಿರುಕು ಬಿಡುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೋಡಿದರೆ ತಳದ ಬಿಸ್ಕೆಟ್ ಒದ್ದೆಯಾಗಿರುತ್ತದೆ. ಹಾಗಾಗಿ ನಾನು ಮೊದಲು ಕೈಹಾಕುವುದು ಚೀಸ್‌ಗಲ್ಲ, ಹಣ್ಣಿಗೆ.

ಹಣ್ಣಿನ ಆಯ್ಕೆಯಲ್ಲಿ ನನ್ನ ಮತ ಬಾದಾಮಿಗೆ. ನಾರಿಲ್ಲ, ತಿರುಳು ದಪ್ಪ, ಕಾಯಿಸಿದರೂ ಪರಿಮಳ ಉಳಿಯುತ್ತದೆ. ಮಲ್ಲಿಕಾ ಸಿಕ್ಕರೆ ಅದೂ ಒಳ್ಳೆಯದೇ. ಬೆಂಗಳೂರಿನವರಿಗೆ ರಸಪುರಿ ಅಂದರೆ ಪ್ರಾಣ, ನನಗೂ ಅಷ್ಟೇ. ಆದರೆ ಅದು ಸೀಕರಣೆಗೆ ಹೇಳಿಮಾಡಿಸಿದ ಹಣ್ಣು; ರಸ ಜಾಸ್ತಿ, ಕಾಯಿಸಿ ಗಟ್ಟಿ ಮಾಡುವಷ್ಟರಲ್ಲಿ ಅದರ ಘಮವೇ ಹೋಗಿಬಿಡುತ್ತದೆ. ಅದನ್ನು ಮೇಲಿನ ಪದರಕ್ಕೆ ಇಟ್ಟುಕೊಳ್ಳಿ. ಬರೀ ತೋತಾಪುರಿ ಹಾಕಿದರೆ ರುಚಿ ಸಪ್ಪೆ. ಹಾಪ್‌ಕಾಮ್ಸ್‌ನಲ್ಲೋ ಲಾಲ್‌ಬಾಗ್‌ನ ಮಾವಿನ ಮೇಳದಲ್ಲೋ ಹಣ್ಣು ತಂದರೆ ತೊಟ್ಟಿನ ಹತ್ತಿರ ಮೂಸಿ ನೋಡಿ. ಅಲ್ಲಿ ಪರಿಮಳ ಇಲ್ಲದಿದ್ದರೆ ಇನ್ನೆರಡು ದಿನ ಹೊರಗೇ ಇಡಬೇಕು.

ಏಳು ಇಂಚಿನ ಸ್ಪ್ರಿಂಗ್‌ಫಾರ್ಮ್ (ಪಕ್ಕದ ಸುತ್ತು ಬಿಚ್ಚಿ ತೆಗೆಯುವ) ಟಿನ್‌ಗೆ 320 ಗ್ರಾಂ ತಿರುಳು ಬೇಕು. ಮಿಕ್ಸಿಯಲ್ಲಿ ನೀರು ಹಾಕದೆ ತಿರುವಿ, ಜರಡಿಯಲ್ಲಿ ಸೋಸಿ, ಅಗಲ ಬಾಯಿಯ ನಾನ್‌ಸ್ಟಿಕ್ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ. ಮೊದಲ ಹತ್ತು ನಿಮಿಷ ಆಗಾಗ ಕೈಯಾಡಿಸಿದರೆ ಸಾಕು. ಆಮೇಲೆ ದಪ್ಪಗಾದಂತೆ ಸಿಡಿಯಲು ಶುರುವಾಗುತ್ತದೆ, ಆಗ ಕೈ ಬಿಡುವಂತಿಲ್ಲ. ಸ್ಪ್ಯಾಚುಲಾದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಎರಡು ಮೂರು ಸೆಕೆಂಡು ತಳ ಕಾಣುತ್ತಾ ಇದ್ದು ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಕಣ್ಣಂದಾಜಿನ ಮೇಲೆ ಬಿಡಬೇಡಿ, ತೂಕ ಹಾಕಿ: 160 ಗ್ರಾಂಗೆ ಇಳಿದಿರಬೇಕು. ಉರಿ ಜೋರು ಮಾಡಿದರೆ ಬಣ್ಣ ಕಂದಾಗಿ ಜಾಮ್ ವಾಸನೆ ಬರುತ್ತದೆ. ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಸೇರಿಸಿ ಪೂರ್ತಿ ಆರಲು ಬಿಡಿ.

ಕ್ರೀಮ್ ಚೀಸ್ ದುಬಾರಿ. ಆದ್ದರಿಂದ 400 ಗ್ರಾಂ ಕ್ರೀಮ್ ಚೀಸ್ ಜೊತೆ 200 ಗ್ರಾಂ ನೀರಿಳಿಸಿದ ಮೊಸರು ಹಾಕುತ್ತೇನೆ. ದುಡ್ಡು ಉಳಿಯುವುದು ಒಂದು ಕಡೆ, ಮಾವಿನ ಸಿಹಿಗೆ ಆ ಹುಳಿ ನಿಜವಾಗಿಯೂ ಬೇಕು. ಅರ್ಧ ಕೆಜಿ ಪ್ಯಾಕೆಟ್ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲೇ ಬಿಡಬೇಕು. ಮಾವಿನ ಕಾಲ ಅಂದರೆ ಏಪ್ರಿಲ್, ಮೇ ಸೆಖೆ; ಅಡುಗೆಮನೆಯ ನಲ್ಲಿಗೆ ನೇತುಹಾಕಿದರೆ ಬೆಳಿಗ್ಗೆಗೆ ಹುಳಿ ಏರಿರುತ್ತದೆ.

ತಳಕ್ಕೆ 150 ಗ್ರಾಂ ಡೈಜೆಸ್ಟಿವ್ ಬಿಸ್ಕೆಟ್ ಪುಡಿ, 65 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಮಾರಿ ಬಿಸ್ಕೆಟ್ ಆದರೆ ಬೆಣ್ಣೆ 80 ಗ್ರಾಂ ಬೇಕು, ಅದರಲ್ಲಿ ಜಿಡ್ಡು ಕಡಿಮೆ. ಲೋಟದ ತಳದಿಂದ ಒತ್ತಿ, 160 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ ಆರಿಸಿ.

ಚೀಸ್, ಮೊಸರು, ಮೊಟ್ಟೆ ಎಲ್ಲವೂ ಫ್ರಿಜ್‌ನಿಂದ ಹೊರಗೆ ಬಂದು ತಣ್ಣಗಿನ ಅಂಶ ಹೋಗಿರಬೇಕು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಸಾಕು. ಡಿಸೆಂಬರ್‌ನಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ತಣ್ಣಗಿರುವ ಚೀಸ್ ಗಂಟು ಕಟ್ಟುತ್ತದೆ, ಒಮ್ಮೆ ಮೊಟ್ಟೆ ಬಿದ್ದ ಮೇಲೆ ಆ ಗಂಟು ಒಡೆಯುವುದಿಲ್ಲ. ಚೀಸ್ ಮತ್ತು 110 ಗ್ರಾಂ ಸಕ್ಕರೆಪುಡಿಯನ್ನು ನಯವಾಗುವ ತನಕ ಕಲಸಿ, ಮೊಸರು, ಒಂದೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರ್, ಆರಿದ ಮಾವು ಸೇರಿಸಿ. ಕೊನೆಗೆ ಮೂರು ಮೊಟ್ಟೆ, ಒಂದೊಂದಾಗಿ, ಬೀಟರ್ ಅತಿ ಕಡಿಮೆ ವೇಗದಲ್ಲಿ, ಹಳದಿ ಬೆರೆತ ಕೂಡಲೇ ನಿಲ್ಲಿಸಿ. ಇಲ್ಲಿ ಜೋರಾಗಿ ತಿರುವಿದರೆ ಗಾಳಿ ತುಂಬಿಕೊಂಡು, ಒವನ್‌ನಲ್ಲಿ ಉಬ್ಬಿ, ಹೊರಗೆ ಬಂದ ಮೇಲೆ ಕುಸಿದು ಬಿರುಕು ಬಿಡುತ್ತದೆ.

ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಒಟಿಜಿ, ಅಂದರೆ ಒವನ್-ಟೋಸ್ಟರ್-ಗ್ರಿಲ್. ಅದರ ಡಯಲ್ ಹೇಳುವ ಶಾಖಕ್ಕೂ ಒಳಗಿನ ಶಾಖಕ್ಕೂ ತಾಳೆಯಾಗುತ್ತದೆಂದು ನಂಬಬೇಡಿ, ಒಳಗೆ ಒಂದು ಒವನ್ ಥರ್ಮಾಮೀಟರ್ ಇಡಿ. ಕೇಕ್‌ಗೆ ಚುಚ್ಚುವ ಥರ್ಮಾಮೀಟರ್ ಇದ್ದರೆ ಕುದಿಯುವ ನೀರಿನಲ್ಲಿ ಪರೀಕ್ಷಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 100 ತೋರಿಸಲಿಲ್ಲ ಅಂತ ಅದನ್ನು ಬಿಸಾಡಬೇಡಿ.

ಬೇಯಿಸುವುದು 150 ಡಿಗ್ರಿಯಲ್ಲಿ, ಬಿಸಿನೀರಿನ ತಟ್ಟೆಯೊಳಗೆ. ಸ್ಪ್ರಿಂಗ್‌ಫಾರ್ಮ್ ಟಿನ್‌ಗೆ ಫಾಯಿಲ್ ಸುತ್ತಿದರೂ ಎಲ್ಲೋ ಒಂದು ಸಣ್ಣ ಹರಕಿನಿಂದ ನೀರು ನುಗ್ಗುತ್ತದೆ. ಅದಕ್ಕೆ ನನ್ನ ಉಪಾಯ: ಏಳು ಇಂಚಿನ ಟಿನ್ ಅನ್ನು ಎಂಟು ಇಂಚಿನ ಮಾಮೂಲಿ ಕೇಕ್ ಟಿನ್ ಒಳಗಿಟ್ಟು, ಆ ಜೋಡಿಯನ್ನು ನೀರಿನ ತಟ್ಟೆಯಲ್ಲಿ ಇಡುವುದು. ಚಿಕ್ಕ ಒಟಿಜಿಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಕೆಳಗಿನ ಕಂಬಿಯ ಮೇಲೆ ಕುದಿನೀರಿನ ತಟ್ಟೆ, ಅದರ ಮೇಲಿನ ಹಲಗೆಯಲ್ಲಿ ಕೇಕ್ ಇಟ್ಟರೂ ನಡೆಯುತ್ತದೆ. ಕೆಳಗಿನ ರಾಡ್ ಮಾತ್ರ ಆನ್ ಇರಲಿ. 60ರಿಂದ 70 ನಿಮಿಷಕ್ಕೆ ಅಂಚಿನಿಂದ ಎರಡು ಇಂಚು ಗಟ್ಟಿಯಾಗಿ, ಟಿನ್ ಮೆಲ್ಲಗೆ ತಟ್ಟಿದರೆ ನಡುಭಾಗ ಗಿಣ್ಣಿನ ಹಾಗೆ ಅದುರಬೇಕು. ನಡುವಿನ ಶಾಖ 65ರಿಂದ 68 ಡಿಗ್ರಿ. 72 ದಾಟಿದರೆ ಮೊಟ್ಟೆ ಬಿಗಿದು ನೀರು ಬಿಡಲು ಶುರುಮಾಡುತ್ತದೆ. ನಡುವೆ ಕರೆಂಟ್ ಹೋದರೆ ಬಾಗಿಲು ಮಾತ್ರ ತೆರೆಯಬೇಡಿ. ಬಿಸಿನೀರಿನಲ್ಲಿ ಶಾಖ ಉಳಿದಿರುತ್ತದೆ, ಹತ್ತು ಹದಿನೈದು ನಿಮಿಷದ ಕಡಿತ ಕೇಕ್ ಕೆಡಿಸುವುದಿಲ್ಲ.

ಆಮೇಲೆ ಒವನ್ ಆರಿಸಿ, ಬಾಗಿಲಿಗೆ ಮರದ ಸೌಟು ಕೊಟ್ಟು ಒಂದು ಗಂಟೆ ಒಳಗೇ ಬಿಡಿ. ಹೊರಗೆ ತೆಗೆದ ಕೂಡಲೇ ಅಂಚಿನ ಸುತ್ತ ತೆಳು ಚಾಕು ಆಡಿಸಿ. ಆರುವಾಗ ಕೇಕ್ ಕುಗ್ಗುತ್ತದೆ, ಅಂಚು ಟಿನ್‌ಗೆ ಅಂಟಿಕೊಂಡಿದ್ದರೆ ನಡುವೆ ಸೀಳುತ್ತದೆ. ಪೂರ್ತಿ ಆರಿದ ಮೇಲೆ ಫ್ರಿಜ್‌ನಲ್ಲಿ ಎಂಟು ಗಂಟೆ.

ಮೇಲಿನ ಪದರಕ್ಕೆ ಕಾಯಿಸದ ತಿರುಳು 200 ಗ್ರಾಂ ತೆಗೆದುಕೊಳ್ಳಿ. ಜೆಲಟಿನ್ ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೂ ಆಗುವುದಿಲ್ಲ, ನಾನು ಬಳಸುವುದು ಕಡಲಪಾಚಿಯಿಂದ ಮಾಡುವ ಅಗರ್ ಅಗರ್ ಪುಡಿ. 80 ಮಿ.ಲೀ. ನೀರಿಗೆ ಒಂದೂವರೆ ಗ್ರಾಂ ಪುಡಿ, ಎರಡು ಚಮಚ ಸಕ್ಕರೆ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಬೇಕು. ಬರೀ ಬಿಸಿ ಮಾಡಿದರೆ ಕರಗುವುದಿಲ್ಲ. ತಿರುಳು ಫ್ರಿಜ್‌ನಿಂದ ಬಂದದ್ದಾದರೆ ಅಗರ್ ಬಿದ್ದಲ್ಲೇ ಗಟ್ಟಿಯಾಗಿ ದಾರ ದಾರವಾಗುತ್ತದೆ, ಆದ್ದರಿಂದ ತಿರುಳನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಒಂದೇ ಸಲಕ್ಕೆ ಸುರಿದು, ಟಿನ್ ಓರೆ ಮಾಡಿ ಹರಡಿ.

ಅನಾನಸ್ ಹಾಕುವವರು ಹಸಿಯಾಗಿ ಎಂದೂ ಹಾಕಬೇಡಿ. ಅದರಲ್ಲಿರುವ ಬ್ರೋಮಲಿನ್ ಎಂಬ ಕಿಣ್ವ ಹಾಲಿನ, ಮೊಟ್ಟೆಯ ಪ್ರೋಟೀನ್ ಒಡೆಯುತ್ತದೆ. ಹಸಿ ಅನಾನಸ್ ಹಾಕಿದ ಮೊಸರು ಸ್ವಲ್ಪ ಹೊತ್ತಿಗೇ ಕಹಿಯಾಗುವುದು ಇದೇ ಕಾರಣಕ್ಕೆ. ಗೊಜ್ಜಿಗೆ ಬೇಯಿಸುವಂತೆ ಹತ್ತು ನಿಮಿಷ ಕುದಿಸಿದರೆ ಆ ಕಾಟ ಇಲ್ಲ. ಪಪ್ಪಾಯಿಗೂ ಇದೇ ಮಾತು. ಕೊಡಗಿನ ಪ್ಯಾಶನ್ ಫ್ರೂಟ್ ಬಳಸಿದರೆ ಮೊಸರು ಬಿಟ್ಟು ಪೂರ್ತಿ ಕ್ರೀಮ್ ಚೀಸ್ ಹಾಕಿ, ಇಲ್ಲದಿದ್ದರೆ ಹುಳಿ ವಿಪರೀತವಾಗುತ್ತದೆ. ಹಲಸಿನ ತೊಳೆಯನ್ನು ಬೇಯಿಸಿ ರುಬ್ಬಿ ಮಾವಿನಂತೆಯೇ ಇಳಿಸಬಹುದು. ಆದರೆ ಅದರ ವಾಸನೆ ಫ್ರಿಜ್ ತುಂಬಾ ಹರಡುತ್ತದೆ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲೇ ಇಡಿ.

ಕತ್ತರಿಸುವಾಗ ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಪ್ರತಿ ತುಂಡಿಗೂ. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಜೂನ್ ಮುಗಿಯುವ ಮುಂಚೆ ಇಳಿಸಿದ ತಿರುಳನ್ನು 160 ಗ್ರಾಂನ ಪೊಟ್ಟಣ ಮಾಡಿ, ಚಪ್ಪಟೆಯಾಗಿ ಫ್ರೀಜರ್‌ನಲ್ಲಿಟ್ಟರೆ ದಸರಾ ತನಕ ಬರುತ್ತದೆ. ಕರಗಿದಾಗ ನೀರು ಬಿಟ್ಟಿದ್ದರೆ ಬಾಣಲೆಯಲ್ಲಿ ಇನ್ನೈದು ನಿಮಿಷ ಕಾಯಿಸಿ, ಮತ್ತೆ ತೂಗಿ.