ಕೊಡೆಯ ಹಿಡಿಗೆ ಬಟ್ಟೆ ಕ್ಲಿಪ್: ಒಂದು ಬಿ.ಎ. ಮುಗಿಸಿದ ಬಗೆ

ಅಂಕಪಟ್ಟಿ ಕೈಗೆ ಬರುವ ತನಕ ಬಾಯಿ ಬಿಡಬಾರದು ಎಂದುಕೊಂಡಿದ್ದೆ. ಬಂದಿದೆ. ಆಟಿಸಂ ಇರುವ ನನ್ನ ವಿದ್ಯಾರ್ಥಿಯೊಬ್ಬ ಬಿ.ಎ. ಪಾಸಾಗಿದ್ದಾನೆ. "ಮೇಣದ ಬತ್ತಿ ಮಾಡುವುದನ್ನು ಕಲಿಸಿ, ಸಾಕು" ಎಂದವರಲ್ಲಿ ವಿಶೇಷ ಶಿಕ್ಷಕರೇ ಹೆಚ್ಚು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪ್ರವೇಶದ ಜಗಳ ನಿಮಗೆ ಗೊತ್ತಿರುವುದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 32ನೆಯ ಸೆಕ್ಷನ್ ಮತ್ತು ಹುಡುಗನ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡ್ ಮೇಜಿನ ಮೇಲಿಟ್ಟೆ. ಅನುದಾನಿತ ಕಾಲೇಜಿನಲ್ಲೂ ಅಂಗವಿಕಲರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲು ಎಂಬುದನ್ನು ಗುಮಾಸ್ತರು ನನ್ನೆದುರೇ ಮೊದಲ ಸಲ ಓದಿದರು. ಸೀಟು ಸಿಕ್ಕಿತು. ಅಲ್ಲಿಗೆ ಗೆದ್ದೆ ಎಂದುಕೊಂಡದ್ದು ನನ್ನ ತಪ್ಪು.

ಪಕ್ಕದಲ್ಲಿ ಕೂರಲು ಸಹಾಯಕಿಯೊಬ್ಬಳನ್ನು ನೇಮಿಸಿದೆವು, ತಿಂಗಳಿಗೆ ಒಂಬತ್ತು ಸಾವಿರ. ಹುಡುಗನ ತಂದೆಗಿರುವುದು ಮೂರು ಎಕರೆ ರೊಬಸ್ಟಾ ಕಾಫಿ ತೋಟ. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆಯೂ ಕೈಕೊಟ್ಟಿತ್ತು. ಸಹಾಯಕಿಯ ಖರ್ಚೇ ಆರು ತಿಂಗಳಲ್ಲಿ ಐವತ್ತು ಸಾವಿರ ದಾಟಿತು. ಅಧ್ಯಾಪಕರು ಪ್ರಶ್ನೆಯನ್ನು ಅವಳಿಗೆ ಕೇಳುತ್ತಿದ್ದರು, ಸಹಪಾಠಿಗಳು ಅವಳೊಡನೆ ಹರಟುತ್ತಿದ್ದರು, ಇವನು ಬೆಂಚಿನ ಮೇಲಿಟ್ಟ ಚೀಲದಂತಾದ. ಮೊದಲ ಸೆಮಿಸ್ಟರಿನಲ್ಲಿ ಆರರಲ್ಲಿ ನಾಲ್ಕು ಪತ್ರಿಕೆ ಹೋದವು.

ಸಹಾಯಕಿಯನ್ನು ಬಿಡಿಸಿದೆ. ಮನೆಯವರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಇವನ ಜೊತೆಗಿರಲು ತರಗತಿಯಲ್ಲೇ ಮೂವರನ್ನು ಹಿಡಿದೆ: ಅದೇ ಬಸ್ಸಿನಲ್ಲಿ ಬರುವ ಹುಡುಗಿ, ಟಿಪ್ಪಣಿ ಅಚ್ಚುಕಟ್ಟಾಗಿ ಬರೆಯುವ ಒಬ್ಬ, ಹಿಂದಿನ ಬೆಂಚಿನ ತರಲೆ ಇನ್ನೊಬ್ಬ. ಹೆಚ್ಚು ಕೆಲಸಕ್ಕೆ ಬಂದವನು ಆ ತರಲೆಯೇ. ಅವನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹಣ ಕೊಡಲಿಲ್ಲ, ಅಷ್ಟು ತಿಳಿದಿರಲಿ. ಜೆರಾಕ್ಸ್, ಕ್ಯಾಂಟೀನಿನ ಕಾಫಿ ಎಲ್ಲ ಸೇರಿ ತಿಂಗಳಿಗೆ ಆರೇಳುನೂರು ರೂಪಾಯಿ.

ಮುಂದಿನ ಪಾಠ ಯಾವುದೆಂದು ಇವನಿಗೆ ತಿಳಿಸುವ ವೇಳಾಪಟ್ಟಿಯ ಚಿತ್ರದ ಕಾರ್ಡುಗಳು ಜುಲೈ ಮಳೆಗೆ ಕರಗಿದವು. ಲ್ಯಾಮಿನೇಷನ್ ಮಾಡಿಸಿದರೆ ಒಳಗೇ ಬೂಷ್ಟು ಹಿಡಿಯಿತು. ನಮ್ಮಲ್ಲಿ ತಿಂಗಳುಗಟ್ಟಲೆ ಕೈ ಬಿಡದ ವಸ್ತು ಕೊಡೆಯಲ್ಲವೇ? ಅದರ ಹಿಡಿಗೆ ಪಾಠಕ್ಕೊಂದರಂತೆ ಐದು ಬಣ್ಣದ ಟೇಪ್ ಸುತ್ತಿದೆ, ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ಗಂಟೆ ಹೊಡೆದಾಗಲೆಲ್ಲ ಕ್ಲಿಪ್ ಕೆಳಗಿನ ಬಣ್ಣಕ್ಕೆ. ಹತ್ತು ರೂಪಾಯಿಯೂ ಆಗಲಿಲ್ಲ.

ಮಳೆ ರಜೆಯದೇ ದೊಡ್ಡ ಕಾಟ. ಶಾಲೆಗೆ ರಜೆ, ಡಿಗ್ರಿಗೆ ಇಲ್ಲ ಎಂದರೆ ತಂಗಿ ಮನೆಯಲ್ಲಿ, ಇವನೇಕೆ ಹೋಗಬೇಕು? ಏಳುತ್ತಲೇ ಇರಲಿಲ್ಲ. ರಜೆ ಇರಲಿ ಬಿಡಲಿ, ಬಸ್ ನಿಲ್ದಾಣದ ತನಕ ಹೋಗಿ ಬರುವುದು ಎಂಬ ನಿಯಮ ಮಾಡಿದೆವು. ಸರಿಹೋಗಲು ಒಂದಿಡೀ ಮಳೆಗಾಲ ಹಿಡಿಯಿತು.

ಪರೀಕ್ಷೆಗೆ, ಇವನು ಹೇಳಿದ ಉತ್ತರವನ್ನು ಬರೆದುಕೊಳ್ಳುವ ಬರಹಗಾರರನ್ನು ಕೊಡಿಸಿದ್ದೆ. ಅವರ ಮುಂದೆ ಕೂತು ಇವನು ಪ್ರಶ್ನೆಯನ್ನೇ ಮತ್ತೆ ಮತ್ತೆ ಓದಿದ. ಮುಂದಿನ ಸಲದಿಂದ ತಾನೇ ಬರೆದ. ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ ಮಾತ್ರ ಬಿಡಲಿಲ್ಲ. ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಈ ಸಮಯದ ಅರ್ಜಿಯನ್ನು ಸೆಮಿಸ್ಟರಿನ ಮೊದಲ ವಾರವೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಾಜ್ಯಶಾಸ್ತ್ರದ ಒಂದು ಪತ್ರಿಕೆಯನ್ನು ಮೂರು ಸಲ ಬರೆದ, ಅದನ್ನೂ ಮುಚ್ಚಿಡುವುದಿಲ್ಲ.

ಈ ಜೂನ್‌ನಲ್ಲಿ ಸೋಮವಾರಪೇಟೆ ಕಡೆಯ, ಡೌನ್ ಸಿಂಡ್ರೋಮ್ ಇರುವ ಹುಡುಗಿಯೊಬ್ಬಳ ಪ್ರವೇಶವಿದೆ. ಕೊಡೆ ತೋರಿಸಿದೆ. "ಮಿಸ್, ನನಗೆ ಕ್ಲಿಪ್ ಬೇಡ" ಎಂದಳು.