ಗೇಟಿನ ಆಚೆಗೂ ಕಾಣಬೇಕಾದ ಗಾಡಿ: ಸಿಎಫ್‌ಟಿಗೆ ಪ್ರತಿಫಲಕ ಪಟ್ಟಿ ಅಂಟಿಸಿದ ನನ್ನ ಅನುಭವ

ವಿಮಾನ ನಿಲ್ದಾಣವೊಂದರ ಅಗ್ನಿಶಾಮಕ ಠಾಣೆಯಲ್ಲಿ ವಾಹನಗಳ ನಿರ್ವಹಣೆ ನೋಡಿಕೊಳ್ಳುವ ಕೆಲಸ ನನ್ನದು. ನಾವು ಸಿಎಫ್‌ಟಿ ಎಂದು ಕರೆಯುವ ಕ್ರ್ಯಾಶ್ ಫೈರ್ ಟೆಂಡರ್‌ಗಳಲ್ಲಿ, ಅಂದರೆ ವಿಮಾನ ಅಪಘಾತದ ಬೆಂಕಿ ಆರಿಸುವ ಗಾಡಿಗಳಲ್ಲಿ, ಒಂದನ್ನು ಬೇರೊಂದು ನಿಲ್ದಾಣಕ್ಕೆ ಕಳುಹಿಸಬೇಕಾಗಿ ಬಂದಾಗ, ಅದರ ಮೈಮೇಲಿನ ಹಳೆಯ ಪ್ರತಿಫಲಕ ಪಟ್ಟಿಗಳನ್ನು ಕಿತ್ತು ಹೊಸದನ್ನು ಅಂಟಿಸುವ ಹೊಣೆ ನನಗೆ ಬಿತ್ತು. ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಅಂಟಿಸುವ ಕೆಲಸ ನಿಜಕ್ಕೂ ಎರಡೇ ದಿನದಲ್ಲಿ ಮುಗಿಯಿತು. ಯಾವ ಬಣ್ಣ, ಎಲ್ಲಿ, ಯಾರ ಕಣ್ಣಿಗಾಗಿ ಎಂಬುದನ್ನು ತೀರ್ಮಾನಿಸುವುದಕ್ಕೆ ಮೂರು ವಾರ ಹಿಡಿಯಿತು.

ಮೊದಲು ಎದುರಾದದ್ದು ಕಾನೂನಿನ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಪ್ರಕರಣವು ಕಾರ್ಖಾನೆಯ ಅಥವಾ ಬೇರಾವುದೇ ಆವೃತ ಆವರಣದ ಒಳಗೆ ಮಾತ್ರ ಬಳಸುವಂತೆ ರೂಪಿಸಿದ ವಿಶೇಷ ವಾಹನವನ್ನು 'ಮೋಟಾರು ವಾಹನ' ಎಂಬ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಗಾಡಿ ಬೇಲಿಯ ಒಳಗೇ ಇರುವುದರಿಂದ ರಸ್ತೆಯ ನಿಯಮ ನಮಗೇಕೆ ಎಂಬ ಮಾತು ಠಾಣೆಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಗಣಿಗಳಲ್ಲಿ ಓಡುವ ಡಂಪರ್‌ಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ, ರಬ್ಬರ್ ಟೈರಿನ ಮೇಲೆ ಓಡುವ, ರಸ್ತೆಗೆ ಒಗ್ಗುವ ಯಂತ್ರವು ಕೇವಲ ಗಣಿಯೊಳಗೆ ದುಡಿಯುತ್ತದೆ ಎಂಬ ಕಾರಣಕ್ಕೆ ಮೋಟಾರು ವಾಹನ ಅಲ್ಲವೆನ್ನಲಾಗದು ಎಂಬ ದಾರಿಯಲ್ಲಿ ಯೋಚಿಸಿತ್ತು. ನಮ್ಮ ಗಾಡಿಯೂ ರಬ್ಬರ್ ಟೈರಿನದೇ, ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಬೇಕಾದದ್ದೇ.

ಕಾನೂನಿನ ಮಾತು ಹಾಗಿರಲಿ, ನನ್ನನ್ನು ಒಪ್ಪಿಸಿದ್ದು ಮಂಗಳೂರು. 2010ರ ಮೇ 22ರಂದು ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ವಿಮಾನ ಬಿದ್ದದ್ದು ಬೇಲಿಯ ಆಚೆ. ಟೆಂಡರ್‌ಗಳು ಆವರಣದಿಂದ ಹೊರಬಿದ್ದು ಇಕ್ಕಟ್ಟಾದ, ಏರುತಗ್ಗಿನ ರಸ್ತೆಯಲ್ಲಿ ಸಾಗಿ ಅಲ್ಲಿಗೆ ತಲುಪಬೇಕಾಯಿತು ಎಂಬುದು ತನಿಖಾ ವರದಿಯಲ್ಲಿ ದಾಖಲಾಗಿದೆ. ತಿಂಗಳುಗಟ್ಟಲೆ ಗೇಟು ದಾಟದ ಗಾಡಿ ಅತ್ಯಂತ ಗಡಿಬಿಡಿಯ ಹೊತ್ತಿನಲ್ಲೇ ಸಾರ್ವಜನಿಕ ರಸ್ತೆಗೆ ಇಳಿಯಬಹುದಾದ್ದರಿಂದ, ಕಾಯ್ದೆ ಕೇಳಲಿ ಬಿಡಲಿ, ಅದನ್ನು ರಸ್ತೆಯ ಲಾರಿಯಂತೆಯೇ ಗುರುತು ಮಾಡಬೇಕೆಂದು ನಾನು ಟಿಪ್ಪಣಿ ಬರೆದೆ, ಮೇಲಿನವರು ಒಪ್ಪಿದರು.

ಬಣ್ಣದ ವಿಷಯದಲ್ಲಿ ಎರಡು ಲೋಕಗಳ ರೂಢಿ ಬೇರೆ ಬೇರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 14, ತುರ್ತು ವಾಹನಕ್ಕೆ ಎದ್ದು ಕಾಣುವ ಒಂದೇ ಬಣ್ಣವನ್ನು, ಆದಷ್ಟು ಮಟ್ಟಿಗೆ ಕೆಂಪು ಅಥವಾ ಹಳದಿ ಮಿಶ್ರಿತ ಹಸಿರನ್ನು, ಜೊತೆಗೆ ಮಿನುಗುವ ನೀಲಿ ದೀಪವನ್ನೂ ಹೇಳುತ್ತದೆ. ರಸ್ತೆಯಲ್ಲಿ ನಾವು ಕಾಣುವ ಕ್ರಮವೆಂದರೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಭಾರಿ ವಾಹನದ ಅಂಚುಗಳನ್ನು ಗುರುತಿಸುವ 50 ಮಿಲಿಮೀಟರ್ ಅಗಲದ ಪಟ್ಟಿಗೆ ಎಐಎಸ್-090 ಎಂಬ ವಾಹನೋದ್ಯಮ ಮಾನದಂಡವಿದೆ. ನಮ್ಮ ಗಾಡಿಯ ಮೈಬಣ್ಣ ಹಳದಿ-ಹಸಿರು. ಅದರ ಮೇಲೆ ಹಳದಿ ಪಟ್ಟಿ ಹಗಲಿನಲ್ಲಿ ಕಾಣುವುದೇ ಇಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಹಗಲಿನಲ್ಲಿ ಗಾಡಿಯನ್ನು ತೋರಿಸುವುದು ಮೈಬಣ್ಣದ ಕೆಲಸ, ಕತ್ತಲಲ್ಲಿ ಅದರ ಉದ್ದ ಅಗಲ ತೋರಿಸುವುದಷ್ಟೇ ಪಟ್ಟಿಯ ಕೆಲಸ ಎಂದು ನಾನು ಹಠ ಹಿಡಿದೆ. ಹಿಂಭಾಗದಲ್ಲಿ ಮೊದಲೇ ಇದ್ದ ಕೆಂಪು-ಹಳದಿ ಓರೆಗೆರೆಗಳನ್ನು ಉಳಿಸಿಕೊಂಡು, ಅವುಗಳ ಸುತ್ತ ಕೆಂಪು ಅಂಚು ಕೊಟ್ಟೆ. ಮುಂಭಾಗಕ್ಕೆ ಕೆಂಪು ಒಂದು ತುಂಡೂ ಹೋಗಬಾರದೆಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಇಲ್ಲಿ ನಾನು ಕಲಿತ ಮುಖ್ಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪಟ್ಟಿ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಆದ್ದರಿಂದ ದೀಪದ ಹತ್ತಿರವೇ ಕಣ್ಣಿರುವವನಿಗೆ ಮಾತ್ರ ಅದು ಉರಿದಂತೆ ಕಾಣುತ್ತದೆ. ಕಾರಿನ ದೀಪಕ್ಕಿಂತ ಚಾಲಕನ ಕಣ್ಣು ಸುಮಾರು 60 ಸೆಂಟಿಮೀಟರ್ ಮೇಲಿದ್ದರೆ, 100 ಮೀಟರ್ ದೂರದ ಪಟ್ಟಿಯ ಬಳಿ ಇವೆರಡರ ನಡುವಿನ ಕೋನ ಒಂದು ಡಿಗ್ರಿಯ ಮೂರನೇ ಒಂದು ಭಾಗ. ಪಟ್ಟಿಯ ಹೊಳಪನ್ನು ಅಳೆಯುವುದೂ ಹೆಚ್ಚುಕಡಿಮೆ ಅದೇ ಕೋನದಲ್ಲಿ. ವಿಮಾನದಲ್ಲಾದರೋ ದೀಪ ರೆಕ್ಕೆಯ ಬುಡದಲ್ಲೋ ಮೂತಿಗಾಲಿನಲ್ಲೋ ಇರುತ್ತದೆ, ಪೈಲಟ್ ಹಲವು ಮೀಟರ್ ದೂರದಲ್ಲಿ ಕುಳಿತಿರುತ್ತಾನೆ. ಆ ಅಂತರ 5 ಮೀಟರ್ ಎಂದಿಟ್ಟುಕೊಂಡರೆ 300 ಮೀಟರ್ ದೂರದಲ್ಲಿಯೇ ಕೋನ ಒಂದು ಡಿಗ್ರಿಗೆ ಬರುತ್ತದೆ, ಹತ್ತಿರವಾದಷ್ಟೂ ಇನ್ನೂ ಹಿಗ್ಗುತ್ತದೆ, ಪಟ್ಟಿ ಮಂಕಾಗುತ್ತ ಹೋಗುತ್ತದೆ. ಕಂಟ್ರೋಲ್ ಟವರಿನಲ್ಲಿ ಇರುವವರಿಗಂತೂ ಅದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಅವರ ಕಣ್ಣಿನ ಬಳಿ ದೀಪವೇ ಇರುವುದಿಲ್ಲ. ಏರ್‌ಸೈಡಿನಲ್ಲಿ, ಅಂದರೆ ವಿಮಾನಗಳು ಓಡಾಡುವ ಭಾಗದಲ್ಲಿ, ನೀಲಿ ದೀಪವೇ ಗತಿ. ಪಟ್ಟಿಯಿಂದ ನಿಜವಾದ ಉಪಯೋಗ ಜೀಪು, ಲಾರಿ, ಬೈಕ್ ಓಡಿಸುವವರಿಗೆ, ಅಂದರೆ ಬಹುಮಟ್ಟಿಗೆ ಗೇಟಿನ ಆಚೆಯವರಿಗೆ. ಪಟ್ಟಿ ಹೆಚ್ಚಿದ್ದಷ್ಟೂ ಸುರಕ್ಷಿತ ಎಂದು ರನ್‌ವೇ ಬಳಿಯ ಗಾಡಿಗೆಲ್ಲ ಸುತ್ತಿಡುವುದನ್ನು ಕಂಡಾಗ ನನಗೆ ಈಗ ನಗು ಬರುತ್ತದೆ.

ಮೊದಲ ಸಲ ತರಿಸಿದ ಪಟ್ಟಿ ಮೋಸ ಮಾಡಿತು. ಹಗಲಿನಲ್ಲಿ ಫಳಫಳ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ ಇತ್ತು. ರಾತ್ರಿ ಟಾರ್ಚನ್ನು ಹಣೆಗೆ ಒತ್ತಿ ಹಿಡಿದು ದೂರದಿಂದ ನೋಡಿದರೆ ಬೂದು ಬಟ್ಟೆಯಂತೆ ಕಂಡಿತು. ಒಂದು ಮಗ್ ನೀರು ಎರಚಿದ ಮೇಲೆ ಅದೂ ಇಲ್ಲ. ಅದು ಅಲಂಕಾರದ ಹಾಳೆಯೇ ಹೊರತು ಬೇರೇನೂ ಆಗಿರಲಿಲ್ಲ. ಎರಡನೆಯ ಸಲ, ಅನುಮೋದನೆಯ ಗುರುತು ಪಟ್ಟಿಯ ಮೈಯಲ್ಲೇ ಅಚ್ಚಾಗಿರುವುದನ್ನು ನೋಡಿ, ಇದೇ ಟಾರ್ಚು ಮತ್ತು ನೀರಿನ ಪರೀಕ್ಷೆ ಮಾಡಿಯೇ ಪಡೆದುಕೊಂಡೆ.

ಅಂಟಿಸುವಾಗ ಬಿಸಿಲೇರುವ ಮುನ್ನ ಕೆಲಸ ಮುಗಿಸುವುದು ಒಳ್ಳೆಯದು. ಕಾದ ತಗಡಿಗೆ ಪಟ್ಟಿ ತಾಗಿದೊಡನೆ ಕಚ್ಚಿಕೊಳ್ಳುತ್ತದೆ, ಸೊಟ್ಟಗಾದರೆ ಸರಿಪಡಿಸಲು ಬರುವುದಿಲ್ಲ. ಮೈಯನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ರೋಲರ್ ಶಟರ್‌ಗಳ ಮೇಲೆ ಉದ್ದಕ್ಕೆ ಒಂದೇ ಪಟ್ಟಿ ಎಳೆಯದೆ ಹಲಗೆ ಹಲಗೆಗೂ ಬೇರೆ ತುಂಡು ಕತ್ತರಿಸಿ ಹಾಕಿದೆ. ಮೂಲೆಗಳನ್ನು ದುಂಡಗೆ ಕತ್ತರಿಸದಿದ್ದರೆ ತೊಳೆಯುವ ಜೆಟ್ ಅಲ್ಲಿಂದಲೇ ಎಬ್ಬಿಸುತ್ತದೆ.

ಸಾಗಣೆಯ ಕಾಗದಪತ್ರ ಬೇರೆಯೇ ಕಥೆ. ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಂತೆ ವಾಹನದ ಅಗಲ 2.6 ಮೀಟರ್ ಮೀರಬಾರದು; ನಮ್ಮ ಗಾಡಿ ಸುಮಾರು 3 ಮೀಟರ್. ಅಗ್ನಿಶಾಮಕ ಕೆಲಸಕ್ಕಷ್ಟೇ ಬಳಸುವ ವಾಹನಕ್ಕೆ 66ನೇ ಪ್ರಕರಣದ ಪರ್ಮಿಟ್ ಬೇಡ ಎಂಬುದು ಸರಿ, ಆದರೆ ಪರ್ಮಿಟ್ ಬೇಡವೆಂದ ಮಾತ್ರಕ್ಕೆ ಅಗಲ ಕಡಿಮೆಯಾಗುವುದಿಲ್ಲ. 110ನೇ ಪ್ರಕರಣದಡಿ ಸರ್ಕಾರ ವಿನಾಯಿತಿ ಕೊಡಬಹುದು. ಅದಕ್ಕಾಗಿ ಕಾಯುವಷ್ಟು ಸಮಯ ನಮಗೆ ಇರಲಿಲ್ಲ. ಹೀಗಾಗಿ 10,000 ಲೀಟರ್ ನೀರನ್ನು, ಅಂದರೆ 10 ಟನ್ ಭಾರವನ್ನು, ಖಾಲಿ ಮಾಡಿ, ಗಾಡಿಯನ್ನು ತಗ್ಗು ಟ್ರೇಲರ್ ಮೇಲೇರಿಸಿ, ಅಧಿಕ ಅಗಲದ ಸರಕಿನ ಅನುಮತಿ ಪಡೆದು ಕಳುಹಿಸಿದೆವು.

ಅಲ್ಲೊಂದು ಎಡವಟ್ಟಾಯಿತು. ಎಂಜಿನ್ ಹಿಂದೆ ಇರುವ ಗಾಡಿ ಅದು. ಭಾರದ ತುದಿ ಎಳೆಯುವ ಲಾರಿಯ ಕಡೆಗಿರಲೆಂದು ಟ್ರೇಲರಿನವರು ಅದನ್ನು ಹಿಂದುಮುಂದಾಗಿ ಏರಿಸಿದ್ದರು. ಕತ್ತಲಾದ ಮೇಲೆ ಹಿಂದಿನಿಂದ ನಮ್ಮ ಜೀಪಿನ ದೀಪ ಹಾಯಿಸಿದಾಗ ನಾನೇ ಅಂಟಿಸಿದ್ದ ಬಿಳಿ ಪಟ್ಟಿಗಳು ಎದುರಿಗೆ ಬರುವ ಲಾರಿಯಂತೆ ಝಗ್ಗನೆ ಹೊಳೆದವು. ಹಿಂದೆ ಬರುವ ಚಾಲಕನಿಗೆ ಇದು ಎಷ್ಟು ಗೊಂದಲ ಎಂಬುದು ಹೊಳೆದೊಡನೆ, ಹೊರಡುವ ಮೊದಲೇ ಆ ಮುಖಕ್ಕೆ ಟಾರ್ಪಾಲು ಕಟ್ಟಿ, ಅದರ ಮೇಲೆ ಎರಡೂ ತುದಿಗೆ ಕೆಂಪು ಪಟ್ಟಿಯ ಹಲಗೆ ಬಿಗಿದೆ.

ಉಳಿದ ಗಾಡಿಗಳನ್ನು ಈಗ ತಿಂಗಳಿಗೊಂದು ರಾತ್ರಿ ಟಾರ್ಚು ಹಿಡಿದು ಸುತ್ತು ಹಾಕಿ ನೋಡುತ್ತೇನೆ. ಫೋಮ್ ತುಂಬಿಸುವ ಬಾಯಿಯ ಕೆಳಗಿನ ಒಂದು ಗೇಣು ಪಟ್ಟಿ ಮಾತ್ರ, ಸುರಿದ ದ್ರಾವಣ ಅಂಚಿನೊಳಗೆ ಇಳಿದು ಅಂಟನ್ನು ಬಿಡಿಸುವುದರಿಂದ, ಎಷ್ಟು ಸಲ ಹಾಕಿದರೂ ಎದ್ದೇಳುತ್ತದೆ. ಅಲ್ಲಿಗೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡಿನ ಮೇಲೆ ಪಟ್ಟಿ ಕೂರಿಸಿ ನೋಡುವ ಯೋಚನೆಯಿದೆ.